ಎಕ್ಸ್‌ರೇ ಬಿದ್ದರೆ ಕೋಶ ಸಾಯಲ್ವಾ?

ಪ್ರಶ್ನೆ: ಬಣ್ಣ ಹಾಕದೆ, ಕೊಯ್ಯದೆ ಜೀವಂತ ಕೋಶವನ್ನು ಎಕ್ಸ್‌ರೇ ಮೈಕ್ರೋಸ್ಕೋಪಿನಲ್ಲಿ ನೋಡಬಹುದು ಎಂದು ನಮ್ಮ ಮೇಡಂ ಹೇಳಿದರು. ಕೋಶದ ತುಂಬ ನೀರೇ ಇರುವಾಗ ಒಳಗಿನದು ಹೇಗೆ ಕಾಣುತ್ತದೆ? ಎಕ್ಸ್‌ರೇ ಬಿದ್ದರೆ ಕೋಶ ಸಾಯಲ್ವಾ?
– ಬಿ.ಎಸ್‌ಸಿ. ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಸಾಯುತ್ತದಮ್ಮ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಕಾಲೇಜು ಲ್ಯಾಬಿನಲ್ಲಿ ವರ್ಷಗಟ್ಟಲೆ ಸ್ಲೈಡ್ ಮಾಡಿದವನು. ಆಲ್ಕೋಹಾಲಿನಲ್ಲಿಟ್ಟು ನೀರು ತೆಗೆಯಬೇಕು, ಮೇಣದಲ್ಲಿ ಕೂರಿಸಬೇಕು, ಕೊಯ್ಯಬೇಕು, ಬಣ್ಣ ಹಾಕಬೇಕು. ಒಮ್ಮೆ ಇಲಿಯ ಲಿವರ್ ತುಂಡನ್ನು ರಾತ್ರಿಯಿಡೀ ಝೈಲೀನ್ ಎಂಬ ದ್ರಾವಕದಲ್ಲೇ ಮರೆತು ಹೋಗಿದ್ದೆ. ಮರುದಿನ ಕೊಯ್ದರೆ ಹಪ್ಪಳದ ಹಾಗೆ ಪುಡಿಪುಡಿ! ಎಲ್ಲ ಸರಿಯಾಗಿ ಮಾಡಿದರೂ ಅಷ್ಟೇ, ಒಣದ್ರಾಕ್ಷಿ ನೋಡಿ ಹಸಿ ದ್ರಾಕ್ಷಿ ಹೇಗಿತ್ತೆಂದು ಊಹಿಸಿದ ಹಾಗೆ.

ಮೃದು ಎಕ್ಸ್‌ರೇ, ಅಂದರೆ ಕಡಿಮೆ ಶಕ್ತಿಯ ಎಕ್ಸ್‌ರೇ, ಗೆಲ್ಲುವುದು ಇಲ್ಲೇ. ತರಂಗದ ಉದ್ದ 2.3ರಿಂದ 4.4 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗ ಒಂದು ನ್ಯಾನೊಮೀಟರ್) ನಡುವೆ ಇದ್ದರೆ ನೀರಿನ ಆಕ್ಸಿಜನ್ ಕಿರಣವನ್ನು ಹೆಚ್ಚು ತಡೆಯುವುದಿಲ್ಲ, ಕೋಶದ ಕೊಬ್ಬು, ಪ್ರೋಟೀನ್‌ಗಳಲ್ಲಿರುವ ಕಾರ್ಬನ್ ತಡೆಯುತ್ತದೆ, ಸುಮಾರು ಹತ್ತು ಪಟ್ಟು ಜಾಸ್ತಿ. ಇದಕ್ಕೆ ‘ನೀರಿನ ಕಿಟಕಿ’ ಎನ್ನುತ್ತಾರೆ. ಹಾಗಾಗಿ ಯೀಸ್ಟ್ ಕೋಶದಲ್ಲಿ ಕೊಬ್ಬಿನ ಹನಿಗಳು ಕಪ್ಪಗೆ, ವ್ಯಾಕ್ಯೂಲ್ ಎಂಬ ನೀರು ತುಂಬಿದ ಚೀಲ ತಿಳಿಯಾಗಿ ಕಾಣುತ್ತವೆ. ಬಣ್ಣದ ಕೆಲಸವನ್ನು ಕಾರ್ಬನ್ನೇ ಮಾಡಿಕೊಡುತ್ತದೆ.

ಇನ್ನು ಸಾವಿನ ವಿಚಾರ. ಚಿತ್ರಕ್ಕೆ ಬೇಕಾಗುವಷ್ಟು ಕಿರಣ ಬಿದ್ದರೆ ಯಾವ ಕೋಶವೂ ತಾಳಿಕೊಳ್ಳುವುದಿಲ್ಲ. ಅದಕ್ಕೇ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕ್ಯಾರೊಲಿನ್ ಲಾರಬೆಲ್ ಅವರ ತಂಡ ಕೋಶಗಳನ್ನು ಕೂದಲಿಗಿಂತ ತೆಳುವಾದ ಗಾಜಿನ ನಳಿಕೆಗೆ ತುಂಬಿ, ಕ್ಷಣದಲ್ಲಿ ಹೆಪ್ಪುಗಟ್ಟಿಸುತ್ತದೆ. ಆಮೇಲೆ ನಳಿಕೆಯನ್ನು ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಚಿತ್ರ ತೆಗೆದರೆ, ಕಂಪ್ಯೂಟರ್ ಅವನ್ನೆಲ್ಲ ಸೇರಿಸಿ ಇಡೀ ಕೋಶವನ್ನು ಮೂರು ಆಯಾಮದಲ್ಲಿ ಕಟ್ಟಿಕೊಡುತ್ತದೆ. ಸುಮಾರು 50 ನ್ಯಾನೊಮೀಟರ್‌ನಷ್ಟು ಸಣ್ಣ ವಿವರವೂ ಕಾಣುತ್ತದೆ.

ಹೆಪ್ಪುಗಟ್ಟಿಸಲು ಅಷ್ಟು ಆತುರ ಯಾಕೆ? ಮನೆಯ ಫ್ರೀಜರ್‌ನಲ್ಲಿ ಒಂದು ಟೊಮೆಟೊ ಇಟ್ಟು ಮಾರನೇ ದಿನ ಹೊರಗೆ ತೆಗೆದು ನೋಡಿ. ಕರಗಿದ ಮೇಲೆ ಪಿಚಕ್ ಅನ್ನುತ್ತದೆ, ಅಲ್ವಾ? ನಿಧಾನವಾಗಿ ಬೆಳೆದ ಐಸಿನ ಹರಳುಗಳು ಕೋಶಗಳನ್ನು ಹರಿದಿರುತ್ತವೆ. ಕ್ಷಣದಲ್ಲಿ ಹೆಪ್ಪುಗಟ್ಟಿದರೆ ಹರಳು ಕಟ್ಟಲು ಸಮಯವೇ ಸಿಗುವುದಿಲ್ಲ, ನೀರು ಗಾಜಿನ ಹಾಗೆ ನಿಂತುಬಿಡುತ್ತದೆ.

ಅಂದರೆ ನೋಡುವುದು ಜೀವಂತ ಕೋಶವನ್ನಲ್ಲ, ಬದುಕಿದ್ದ ಹಾಗೇ ನಿಂತುಹೋದ ಕೋಶವನ್ನು. ನಿಜವಾಗಿ ಜೀವಂತವಾಗಿದ್ದುದರ ಚಿತ್ರ ಬೇಕೆಂದರೆ ಎಕ್ಸ್‌ರೇ ಲೇಸರ್ ಬೇಕು. ಅದರ ಮಿಂಚು ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದಷ್ಟೂ ಇರುವುದಿಲ್ಲ. ಕ್ಯಾಲಿಫೋರ್ನಿಯಾದ ಇಂಥ ಒಂದು ಲೇಸರ್‌ನಲ್ಲಿ ಸಯನೋಬ್ಯಾಕ್ಟೀರಿಯಾ ಎಂಬ ಜೀವಂತ ಸೂಕ್ಷ್ಮಜೀವಿಗಳನ್ನು ಕಿರಣದ ದಾರಿಯಲ್ಲಿ ಒಂದೊಂದಾಗಿ ಹಾರಿಸಿ ದಾಖಲಿಸಿದ್ದು 2015ರಲ್ಲಿ ಪ್ರಕಟವಾಯಿತು. ನಿಮ್ಮ ಮೇಡಂ ಹೇಳಿದ್ದು ಬಹುಶಃ ಇದನ್ನೇ. ಮಿಂಚು ಬಿದ್ದ ಕೋಶ ಮಾತ್ರ ಚಿತ್ರ ಕೊಟ್ಟ ಮರುಕ್ಷಣವೇ ಚೂರುಚೂರು.