ಕುಳೆ ಕಬ್ಬಿಗೆ ಗೊಣ್ಣೆ ಹುಳ ಬಿದ್ದಿದೆ, ರಾಸಾಯನಿಕ ಬಿಟ್ಟು ಈಗ ಯಾವ ಔಷಧಿ ಹಾಕಲಿ?

ಎಲೆ ಹಳದಿಯಾಗಿದೆ, ಜಗ್ಗಿದರೆ ಕಬ್ಬು ಬುಡಸಮೇತ ಕೈಗೆ ಬರುತ್ತಿದೆ ಎಂದು ಬರೆದಿದ್ದೀರಿ. ಗೊಣ್ಣೆ ಹುಳ ಎಂದರೆ ದುಂಬಿಯ ಮರಿ, ಮಣ್ಣಲ್ಲಿದ್ದು ಬೇರು ತಿನ್ನುತ್ತದೆ. ನನ್ನ ಹೊಲದಲ್ಲೂ ಥೇಟ್ ಹೀಗೇ ಆಗಿತ್ತು, ನಾನೂ ‘ಯಾವ ಔಷಧಿ’ ಎಂದೇ ಕೇಳಿಕೊಂಡು ತಿರುಗಿದ್ದೆ. ಕೇಳಬೇಕಾದ್ದು ‘ಯಾವಾಗ’ ಎಂದು.

ಸೆಪ್ಟೆಂಬರ್‌ನಲ್ಲಿ ಮೆಟಾರೈಜಿಯಂ ಪುಡಿ ತಂದು, ಮಧ್ಯಾಹ್ನದ ಬಿಸಿಲಲ್ಲಿ ಸಾಲಿನ ಮೇಲೆ ಚೆಲ್ಲಿ ಬಂದದ್ದೇ ನನ್ನ ತಪ್ಪು. ಆ ವರ್ಷದ ಕುಳೆ (ಕಟಾವಾದ ಬುಡದಿಂದ ಮತ್ತೆ ಚಿಗುರಿದ ಬೆಳೆ) ಕೈಬಿಟ್ಟು ಹೋಯಿತು. ಮೆಟಾರೈಜಿಯಂ ವಿಷವಲ್ಲ, ಒಂದು ಜಾತಿಯ ಶಿಲೀಂಧ್ರ. ಅದರ ಬೀಜಕ ಹುಳದ ಮೈಗೆ ಅಂಟಬೇಕು, ತೇವದಲ್ಲಿ ಮೊಳೆಯಬೇಕು, ಚರ್ಮ ಕೊರೆದು ಒಳಗಿಳಿಯಬೇಕು. ಹುಳ ಸಾಯಲು ವಾರಗಳೇ ಹಿಡಿಯುತ್ತವೆ. ಬಿಸಿಲಿಗೆ ಬೀಜಕ ಸಾಯುತ್ತದೆ, ಒಣ ಮಣ್ಣಲ್ಲಿ ಮೊಳೆಯುವುದಿಲ್ಲ, ಮೇಲ್ಮಣ್ಣಲ್ಲೇ ಉಳಿದರೆ ಬೇರಿನ ಹತ್ತಿರದ ಹುಳಕ್ಕೆ ತಾಗುವುದೇ ಇಲ್ಲ. ಇದನ್ನೆಲ್ಲ ಸರಿ ಮಾಡಿದ್ದರೂ ಸೆಪ್ಟೆಂಬರ್ ತಡವೇ. ಮೊದಲ ಹಂತದ ಮರಿ ಈ ಬೂಸ್ಟಿಗೆ ಬೇಗ ಬಲಿಯಾಗುತ್ತದೆ. ಮೂರನೇ ಹಂತದ್ದು ಕೊಕ್ಕೆಯಂತೆ ಬಾಗಿದ, ಬೆರಳುಗಾತ್ರದ ಹುಳ. ಬೇರು ಹೆಚ್ಚು ತಿನ್ನುವುದೂ ಅದೇ, ಸುಲಭಕ್ಕೆ ಸಾಯದ್ದೂ ಅದೇ.

ಹಾಕುವುದಾದರೆ ಹೀಗೆ: ಎಕರೆಗೆ 4 ಕೆಜಿ ಪುಡಿಯನ್ನು ಚೆನ್ನಾಗಿ ಕಳಿತ 100 ಕೆಜಿ ತಿಪ್ಪೆ ಗೊಬ್ಬರಕ್ಕೆ ಬೆರೆಸಿ, ಹಿಂಡಿದರೆ ಉಂಡೆಯಾಗುವಷ್ಟು ತೇವ ಮಾಡಿ. ನೆರಳಲ್ಲಿ ಹಸಿ ಗೋಣಿಚೀಲ ಮುಚ್ಚಿ ಹತ್ತು ದಿನ ಇಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ, ಸಂಜೆ ಹೊತ್ತು, ಸಾಲಿನ ಮಗ್ಗುಲಲ್ಲಿ ಗೆರೆ ಸೀಳಿ ಹಾಕಿ ಮಣ್ಣು ಎಳೆಯಿರಿ. ಆಸುಪಾಸಿನಲ್ಲಿ ಶಿಲೀಂಧ್ರನಾಶಕ ಸುರಿಯಬೇಡಿ, ಇದೂ ಸಾಯುತ್ತದೆ.

ಈಗಂತೂ ಹುಳ ದೊಡ್ಡದಾಗಿದೆ. ಒಣಗಿದ ಬುಡ ಕಿತ್ತು, ಸುತ್ತ ಒಂದು ಅಡಿ ಅಗೆದು, ಸಿಕ್ಕ ಹುಳವನ್ನೆಲ್ಲ ಆರಿಸಿ ಸೋಪಿನ ನೀರಿಗೆ ಹಾಕಿ. ಉಳಿದ ಬುಡಗಳಿಗೆ ಕೀಟನಾಶಕ ಜಂತುಹುಳು (ಗೊಣ್ಣೆ ಹುಳದ ಒಳಹೊಕ್ಕು ಕೊಲ್ಲುವ, ದಾರದಂಥ ಅತಿ ಸಣ್ಣ ಜೀವಿ) ಬಳಸಬಹುದು. ಬೆಂಗಳೂರಿನ ಎನ್‌ಬಿಎಐಆರ್ (ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ) ಅಭಿವೃದ್ಧಿಪಡಿಸಿದ, ಹೆಟರೊರಾಬ್ಡೈಟಿಸ್ ಇಂಡಿಕಾ ಎಂಬ ಜಂತುಹುಳುವಿನ ಪುಡಿ ಇದಕ್ಕೇ ಇದೆ. ಇದು ಜೀವಂತ ಮಾಲು, ಹಳೆಯ ಪ್ಯಾಕೆಟ್ ತರಬೇಡಿ. ನೀರಿಗೆ ಕಲಸಿ, ಸಂಜೆ, ಹಸಿ ಮಣ್ಣಿಗೆ, ಸಿಂಪಡಿಸುವ ಪಂಪಿನ ಜಾಲರಿ ತೆಗೆದು ಬುಡಕ್ಕೆ ಸುರಿಯಿರಿ, ಮೇಲೆ ತೆಳುವಾಗಿ ನೀರು ಹಾಯಿಸಿ. ವಾರ ಬಿಟ್ಟು ಅಗೆದು ನೋಡಿ: ಇಟ್ಟಿಗೆ ಕೆಂಪಿಗೆ ತಿರುಗಿ, ನಾತ ಹೊಡೆಯದೆ ಸತ್ತಿರುವ ಹುಳ ಸಿಕ್ಕರೆ ಕೆಲಸ ಮಾಡುತ್ತಿದೆ. ಕಪ್ಪಾಗಿ ಕೊಳೆತು ನಾರುತ್ತಿದ್ದರೆ ಅದು ಬೇರೆ ಕಾರಣಕ್ಕೆ ಸತ್ತದ್ದು.

ನಿಜವಾದ ಕೆಲಸ ಇರುವುದು ಬದುವಿನ ಬೇವಿನ ಮರದಲ್ಲಿ. ಕೃತ್ತಿಕಾ, ರೋಹಿಣಿ ಮಳೆಯ ಹೊತ್ತಿಗೆ (ಮೇ ಮಧ್ಯದಿಂದ ಜೂನ್ ಮೊದಲ ವಾರ) ಮೊದಲ ಹದ ಮಳೆ ಬಿದ್ದ ಸಂಜೆ ದುಂಬಿಗಳು ಮಣ್ಣಿನಿಂದ ಏಳುತ್ತವೆ. ಏಳು, ಏಳೂವರೆಗೆ ಬೇವು, ಜಾಲಿ, ಬಾರೆ ಮರದ ಕೆಳಗೆ ನಿಂತರೆ ಗುಂಯ್ ಎನ್ನುವ ಸದ್ದು ಕೇಳುತ್ತದೆ. ಎಲೆ ತಿಂದು, ಅಲ್ಲೇ ಜೋಡಿಯಾಗಿ, ಬೆಳಗಾಗುವ ಮೊದಲು ಮಣ್ಣಿಗೆ ಇಳಿಯುತ್ತವೆ. ಕೆಳಗೆ ತಾಡಪತ್ರಿ ಹಾಸಿ, ಉದ್ದನೆಯ ಕೊಕ್ಕೆ ಕೋಲಿನಿಂದ ಟೊಂಗೆ ಅಲ್ಲಾಡಿಸಿದರೆ ಆಲಿಕಲ್ಲಿನಂತೆ ಉದುರುತ್ತವೆ. ಸೀಮೆಎಣ್ಣೆ ಬೆರೆಸಿದ ಬಕೆಟ್ ನೀರಿಗೆ ತುಂಬಿ. ಮೊಟ್ಟೆ ಇಡುವ ಮೊದಲೇ ಹಿಡಿದ ಒಂದು ಹೆಣ್ಣು ದುಂಬಿಯೆಂದರೆ ಮುಂದಿನ ಹತ್ತಾರು ಹುಳ ಕಡಿಮೆ. ಬೆಳಕಿನ ಬಲೆ ಬೇಕಾದರೆ ಜತೆಗಿರಲಿ, ಅದನ್ನೇ ನಂಬಿ ಕೂರಬೇಡಿ.

ಮಳೆ ಬಿದ್ದಾಗಲೆಲ್ಲ ಮೂರ್ನಾಲ್ಕು ವಾರ ಇದನ್ನು ಮಾಡಬೇಕು. ಅಕ್ಕಪಕ್ಕದ ಹೊಲದವರನ್ನು ಈಗಲೇ ಮಾತಾಡಿಸಿ ಇಟ್ಟುಕೊಳ್ಳಿ, ಅವರ ಬದುವಿನ ಬೇವಿನಿಂದ ಇಳಿದ ದುಂಬಿ ನಿಮ್ಮ ಸಾಲಿನಲ್ಲೇ ಮೊಟ್ಟೆ ಇಡುತ್ತದೆ. ಇಷ್ಟು ಹುಳ ಬಿದ್ದ ಹೊಲದಲ್ಲಿ ಮತ್ತೆ ಕುಳೆ ಬಿಡಬೇಡಿ. ಕಟಾವು ಮುಗಿದ ಕೂಡಲೇ ಆಳವಾಗಿ ನೇಗಿಲು ಹೊಡೆಸಿ, ಹುಳ ಹೆಕ್ಕಲು ಬೆಳ್ಳಕ್ಕಿಗಳು ಬರುವ ಬೆಳಗಿನ ಹೊತ್ತಿನಲ್ಲೇ.