ನರ್ಸಿಂಗ್ ವಿದ್ಯಾರ್ಥಿನಿ ನಾನು. ಹೆಪಟೈಟಿಸ್ ಬಿ ಲಸಿಕೆ ಮೂರೂ ಡೋಸ್ ಆಗಿದೆ. ಟೈಟರ್ ಪರೀಕ್ಷೆ (ರಕ್ತದಲ್ಲಿ ರಕ್ಷಣೆ ಕೊಡುವ ಪ್ರತಿಕಾಯ ಎಷ್ಟಿದೆ ಎಂದು ಅಳೆಯುವುದು) ಬೇಕಾ?

ಬೇಕು, ಖಂಡಿತ ಮಾಡಿಸಿ. ಮೂರು ಡೋಸ್ ಪೂರ್ತಿಯಾದರೂ ಕೆಲವರ ದೇಹದಲ್ಲಿ ಸಾಕಷ್ಟು ಪ್ರತಿಕಾಯ ಹುಟ್ಟುವುದಿಲ್ಲ. ಅದು ಹೊರಗಿನಿಂದ ಗೊತ್ತಾಗಲ್ಲ.

ಕೊನೆಯ ಡೋಸ್ ಆಗಿ 1-2 ತಿಂಗಳಿಗೆ ಆಂಟಿ-ಎಚ್‌ಬಿಎಸ್ ಎಂಬ ಈ ಟೈಟರ್ ರಕ್ತಪರೀಕ್ಷೆ ಮಾಡಿಸಿ. ರಿಪೋರ್ಟ್‌ನಲ್ಲಿ 10 mIU/mL ಅಥವಾ ಜಾಸ್ತಿ ಇದ್ದರೆ ರಕ್ಷಣೆ ಇದೆ ಎಂದರ್ಥ. ಮುಂದೆ ಆ ಸಂಖ್ಯೆ ಇಳಿದರೂ ಗಾಬರಿ ಬೇಡ. ದೇಹಕ್ಕೆ ವೈರಸ್‌ನ ನೆನಪು ಉಳಿದಿರುತ್ತದೆ. ಹಾಗಾಗಿ ಆರೋಗ್ಯವಂತರಿಗೆ ಪದೇ ಪದೇ ಬೂಸ್ಟರ್ ಬೇಕಿಲ್ಲ. 10ಕ್ಕಿಂತ ಕಡಿಮೆ ಬಂದರೆ ಮತ್ತೆ ಡೋಸ್ ಹಾಕಿಸಿ, ಪುನಃ ಪರೀಕ್ಷಿಸಬೇಕು. ಒಟ್ಟು ಆರು ಡೋಸ್ ಆದರೂ ಏರದಿದ್ದರೆ, ಮೊದಲೇ ಸೋಂಕು ಇದೆಯಾ ಎಂದು ಎಚ್‌ಬಿಎಸ್‌ಎಜಿ ಪರೀಕ್ಷೆ ನೋಡುತ್ತಾರೆ.

ಚಿಕ್ಕಂದಿನಲ್ಲೇ ಲಸಿಕೆ ಆಗಿದ್ದರೆ ಈಗ ಕಡಿಮೆ ಬರುವುದು ಸಾಮಾನ್ಯ. ಹೆಚ್ಚಿನವರಿಗೆ ಒಂದು ಡೋಸ್ ಹಾಕಿದರೆ ಏರುತ್ತದೆ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ರಕ್ಷಣೆ ಇಲ್ಲದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ಸೋಂಕು ತಗಲುವ ಸಾಧ್ಯತೆ 6ರಿಂದ 30 ಶೇಕಡಾ. ಹಾಗೇನಾದರೂ ಚುಚ್ಚಿದರೆ ಸೋಪು-ನೀರಿನಲ್ಲಿ ತೊಳೆದು, ತಕ್ಷಣ ವಾರ್ಡ್ ಇನ್‌ಚಾರ್ಜ್‌ಗೆ ಹೇಳಿ. ಬೈತಾರೆ ಅಂತ ಮುಚ್ಚಿಡಬೇಡಿ. ರಕ್ಷಣೆ ಇಲ್ಲದವರಿಗೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯ) ಇಂಜೆಕ್ಷನ್ 24 ಗಂಟೆಯೊಳಗೆ ಸಿಕ್ಕರೆ ಒಳ್ಳೆಯದು.