ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದಿಂದ ಇಜೆಕ್ಟ್ ಆದವರು ಬದುಕುಳಿಯುವರೇ?

ಪ್ರಶ್ನೆ: ನಮ್ಮ ಮನೆ ಯಲಹಂಕದ ವಾಯುನೆಲೆಗೆ ಹತ್ತಿರದಲ್ಲಿದೆ. ಏರೋ ಇಂಡಿಯಾ ನಡೆಯುವ ದಿನಗಳಲ್ಲಿ ತಾರಸಿಯ ಮೇಲೆ ನಿಂತು ಯುದ್ಧವಿಮಾನಗಳನ್ನು ನೋಡುವುದು ನಮಗೆ ರೂಢಿ. ಪಿಯುಸಿ ಓದುತ್ತಿರುವ ನನ್ನ ಮಗ, ‘ಮ್ಯಾಕ್ 2 (ಶಬ್ದದ ಎರಡು ಪಟ್ಟು) ವೇಗದಲ್ಲಿ ಹಾರುವಾಗ ಪೈಲಟ್ ಇಜೆಕ್ಟ್ ಆದರೆ (ತುರ್ತಿನಲ್ಲಿ ಸೀಟಿನೊಂದಿಗೆ ಹೊರಚಿಮ್ಮಿದರೆ) ಗಾಳಿಯ ಹೊಡೆತಕ್ಕೆ ದೇಹ ಛಿದ್ರವಾಗುವುದಿಲ್ಲವೇ?’ ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಹಾಗೆ ಹೊರಬಂದವರು ಮತ್ತೆ ಯುದ್ಧವಿಮಾನ ಹಾರಿಸಬಲ್ಲರೇ ಎಂಬುದನ್ನೂ ದಯವಿಟ್ಟು ತಿಳಿಸಿ.
– ಓದುಗರೊಬ್ಬರು, ಯಲಹಂಕ

ಉತ್ತರ: ನಿಮ್ಮ ಮಗನ ಪ್ರಶ್ನೆ ಚೆನ್ನಾಗಿದೆ, ಆದರೆ ಅದರಲ್ಲಿ ಒಂದು ವಿವರ ಬಿಟ್ಟುಹೋಗಿದೆ. ವಿಮಾನ ಎಷ್ಟು ಎತ್ತರದಲ್ಲಿತ್ತು? ಇದು ಗೊತ್ತಿಲ್ಲದೆ ಬರೀ ಮ್ಯಾಕ್ ಸಂಖ್ಯೆಯನ್ನು ನೋಡಿ ಪೈಲಟ್ ಬದುಕುತ್ತಾನೆಂದೂ ಹೇಳಲಾಗದು, ಸಾಯುತ್ತಾನೆಂದೂ ಹೇಳಲಾಗದು.

ಗಾಳಿಯ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಬಳ್ಳಾರಿ ರಸ್ತೆಯಲ್ಲಿ ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋಗುವ ಬಸ್ಸಿನ ಕಿಟಕಿಯಿಂದ ಮೊಣಕೈವರೆಗೆ ಕೈಯನ್ನು ಹೊರಗಿಟ್ಟರೆ ಅದರ ಮೇಲೆ ಬೀಳುವ ಬಲ ಸುಮಾರು ಒಂದು ಕಿಲೋ ತೂಕದಷ್ಟು (ದಯವಿಟ್ಟು ಇದನ್ನು ಮಾಡಿ ನೋಡಬೇಡಿ). ವೇಗ ಹತ್ತು ಪಟ್ಟಾಗಿ 800 ಕಿ.ಮೀ. ಮುಟ್ಟಿದಾಗ ಬಲ ಹತ್ತು ಪಟ್ಟಲ್ಲ, ನೂರು ಪಟ್ಟಾಗುತ್ತದೆ. ಅಂದರೆ ಅದೇ ಕೈಯನ್ನು ಕ್ವಿಂಟಲ್‌ಗೂ ಮಿಕ್ಕ ಭಾರ ಹಿಂದಕ್ಕೆ ತಳ್ಳುತ್ತದೆ. ಸಮುದ್ರಮಟ್ಟದ ಗಾಳಿಯಲ್ಲಿ 800 ಕಿ.ಮೀ. ವೇಗಕ್ಕೆ ಪ್ರತಿ ಚದರ ಮೀಟರಿಗೆ ಸುಮಾರು 3 ಟನ್, 1100 ಕಿ.ಮೀ. ವೇಗಕ್ಕೆ ಸುಮಾರು 6 ಟನ್ ಒತ್ತಡ ಬೀಳುತ್ತದೆ. ಇದನ್ನು ಎದೆ ಒಂದು ಮಟ್ಟದವರೆಗೆ ತಾಳಿಕೊಂಡೀತು. ತಾಳದಿರುವುದು ಕೈಕಾಲು ಮತ್ತು ಕುತ್ತಿಗೆ. ಸಡಿಲವಾಗಿ ಬಿಟ್ಟ ಕೈ ಗಾಳಿಗೆ ಸಿಕ್ಕಿ ಹಿಂದಕ್ಕೆ ಬೀಸಿಕೊಂಡರೆ ಭುಜದ ಕೀಲು ತಪ್ಪುತ್ತದೆ, ಮೂಳೆ ಮುರಿಯುತ್ತದೆ. ಹೆಲ್ಮೆಟ್ಟಿನ ಅಡಿ ಗಾಳಿ ನುಗ್ಗಿ ಅದನ್ನು ಮೇಲಕ್ಕೆ ಎಳೆದರೆ ಆ ಎಳೆತವನ್ನೆಲ್ಲ ಕುತ್ತಿಗೆಯೇ ಹೊರಬೇಕಾಗುತ್ತದೆ.

ಆದರೆ ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. 15 ಕಿ.ಮೀ. ಎತ್ತರದಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟದ ಆರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಆದ್ದರಿಂದ ಅಲ್ಲಿ ಮ್ಯಾಕ್ 2ರಲ್ಲಿ, ಅಂದರೆ ಗಂಟೆಗೆ 2100 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹೊರಬಂದ ದೇಹಕ್ಕೆ ತಾಗುವ ಒತ್ತಡ, ನೆಲಮಟ್ಟದಲ್ಲಿ ಸುಮಾರು 850 ಕಿ.ಮೀ. ವೇಗದಲ್ಲಿ ಹೊರಬಂದಂತೆ ಇರುತ್ತದೆ. ಆಘಾತ ತರಂಗದ ಪರಿಣಾಮ ಇದಕ್ಕೆ ಒಂದಿಷ್ಟು ಸೇರುತ್ತದೆಯಾದರೂ ಲೆಕ್ಕದ ದಿಕ್ಕು ಬದಲಾಗದು. ವಿಮಾನದ ವೇಗಮಾಪಕ ತೋರಿಸುವುದೂ ಹೆಚ್ಚುಕಡಿಮೆ ಈ ಒತ್ತಡದ ಲೆಕ್ಕದ ವೇಗವನ್ನೇ; ಇಜೆಕ್ಷನ್ ಸೀಟಿನ ಮಿತಿಯನ್ನೂ ಅದೇ ವೇಗದಲ್ಲಿ ನಮೂದಿಸುತ್ತಾರೆ.

ಎರಡು ಘಟನೆಗಳನ್ನು ಅಕ್ಕಪಕ್ಕ ಇಟ್ಟರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1955ರ ಫೆಬ್ರವರಿ 26ರಂದು ಅಮೆರಿಕದ ಪರೀಕ್ಷಾ ಪೈಲಟ್ ಜಾರ್ಜ್ ಸ್ಮಿತ್ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಎಫ್-100 ವಿಮಾನದಿಂದ ಮ್ಯಾಕ್ 1.05ರಲ್ಲಿ ಇಜೆಕ್ಟ್ ಆದರು. ಎತ್ತರ ಸುಮಾರು 2 ಕಿ.ಮೀ. ಮಾತ್ರ, ಅಂದರೆ ದಟ್ಟ ಗಾಳಿ. ಅವರ ದೇಹ ಸುಮಾರು 40 ಜಿ, ಎಂದರೆ ತನ್ನ ತೂಕದ ನಲವತ್ತು ಪಟ್ಟು ಬಲವನ್ನು ಅನುಭವಿಸಿತು. ಬೂಟು, ಕಾಲುಚೀಲ, ಹೆಲ್ಮೆಟ್, ಕೈಗಡಿಯಾರಗಳನ್ನು ಗಾಳಿಯೇ ಕಿತ್ತುಕೊಂಡಿತು. ಹರಿದ ಪ್ಯಾರಾಚೂಟಿನಲ್ಲಿ ಸಮುದ್ರಕ್ಕೆ ಬಿದ್ದವರನ್ನು ಹತ್ತಿರದಲ್ಲೇ ಇದ್ದ ದೋಣಿಯವರು ಎತ್ತಿಕೊಂಡರು. ಅವರು ದಿನಗಟ್ಟಲೆ ಪ್ರಜ್ಞೆಯಿಲ್ಲದೆ ಮಲಗಿ, ಏಳು ತಿಂಗಳು ಆಸ್ಪತ್ರೆಯಲ್ಲಿದ್ದು, ಕೊನೆಗೆ ಮತ್ತೆ ವಿಮಾನ ಹಾರಿಸಿದರು. ಶಬ್ದಾತೀತ ವೇಗದಲ್ಲಿ ಇಜೆಕ್ಟ್ ಆಗಿ ಬದುಕುಳಿದವರಲ್ಲಿ ಅವರೇ ಮೊದಲಿಗರು.

1966ರ ಜನವರಿ 25ರಂದು ಬಿಲ್ ವೀವರ್ ಮತ್ತು ಜಿಮ್ ಜ್ವೇಯರ್ ಎಂಬವರು ಹಾರಿಸುತ್ತಿದ್ದ ಎಸ್‌ಆರ್-71 ವಿಮಾನ 24 ಕಿ.ಮೀ. ಎತ್ತರದಲ್ಲಿ, ಮ್ಯಾಕ್ 3ನ್ನು ಮೀರಿದ ವೇಗದಲ್ಲಿ ಒಡೆದು ಚೂರಾಯಿತು. ವೀವರ್ ಇಜೆಕ್ಟ್ ಆಗಲೇ ಇಲ್ಲ. ಅವರ ಸುತ್ತಲಿದ್ದ ವಿಮಾನವೇ ಕಳಚಿಹೋಯಿತು. ಆದರೂ ಅವರು ದೊಡ್ಡ ಗಾಯಗಳಿಲ್ಲದೆ ನೆಲ ಮುಟ್ಟಿದರು. ಸ್ಮಿತ್ ಅವರದಕ್ಕಿಂತ ಮೂರು ಪಟ್ಟು ಮ್ಯಾಕ್ ಸಂಖ್ಯೆಯಿದ್ದರೂ ಅಷ್ಟು ಮೇಲಿನ ಗಾಳಿ ಕೊಟ್ಟ ಒತ್ತಡ ನೆಲಮಟ್ಟದ 700 ಕಿ.ಮೀ. ವೇಗದ ಆಸುಪಾಸಿನದು. ಅಲ್ಲಿ ಕೊಲ್ಲಬಹುದಾಗಿದ್ದುದು ಆಮ್ಲಜನಕದ ಅಭಾವ ಮತ್ತು ಗಾಳಿಯ ತೀರ ಕಡಿಮೆ ಒತ್ತಡ. ಅದರಿಂದ ಅವರನ್ನು ಕಾಪಾಡಿದ್ದು ಉಬ್ಬಿನಿಂತ ಪ್ರೆಷರ್ ಸೂಟು. ಆದರೆ ಅದೇ ವಿಮಾನದಲ್ಲಿದ್ದ ಜ್ವೇಯರ್ ಕುತ್ತಿಗೆ ಮುರಿದು ಮೃತರಾದರು ಎಂಬುದನ್ನು ಮರೆಯುವಂತಿಲ್ಲ. 1995ರಲ್ಲಿ ಉತ್ತರ ಕೆರೊಲಿನಾದ ಕರಾವಳಿಯಲ್ಲಿ ಎಫ್-15ಇ ವಿಮಾನದಿಂದ ಗಂಟೆಗೆ ಸುಮಾರು 1250 ಕಿ.ಮೀ. ವೇಗದಲ್ಲಿ ಇಬ್ಬರು ಹೊರಬಂದಾಗಲೂ ಹೀಗೆಯೇ ಆಯಿತು: ಪೈಲಟ್ ಬ್ರಯನ್ ಉಡೆಲ್ ಕೈಕಾಲಿನ ಕೀಲುಗಳು ತಪ್ಪಿ ಬದುಕುಳಿದರು, ಹಿಂದಿನ ಸೀಟಿನಲ್ಲಿದ್ದವರು ಉಳಿಯಲಿಲ್ಲ. ಮಿತಿಯ ಅಂಚಿನಲ್ಲಿ ಒಂದೇ ವಿಮಾನ, ಒಂದೇ ಕ್ಷಣವಾದರೂ ಎರಡು ದೇಹಗಳ ಗತಿ ಬೇರೆಬೇರೆಯಾಗುತ್ತದೆ.

ಹಾಗಾದರೆ ಸೀಟು ಏನು ಮಾಡುತ್ತದೆ? ಹಿಡಿಕೆಯನ್ನು ಎಳೆದೊಡನೆ ಬಿಗಿಯುವ ಪಟ್ಟಿಗಳು ಭುಜವನ್ನು ಹಿಂದಕ್ಕೂ ಕಾಲುಗಳನ್ನು ಸೀಟಿಗೂ ಸೆಳೆದು ಹಿಡಿಯುತ್ತವೆ. ಕ್ಯಾನೋಪಿ (ಕಾಕ್‌ಪಿಟ್ಟಿನ ಮೇಲಿನ ಪಾರದರ್ಶಕ ಮುಚ್ಚಳ) ಹಾರಿಹೋಗುತ್ತದೆ ಅಥವಾ ಸಣ್ಣ ಸಿಡಿಮದ್ದಿನಿಂದ ಒಡೆಯುತ್ತದೆ. ಮೊದಲು ಸಿಡಿಮದ್ದು, ಬಳಿಕ ರಾಕೆಟ್ ಸೀಟನ್ನು ಮೇಲಕ್ಕೆ ಚಿಮ್ಮಿಸುತ್ತವೆ. ಹೊರಬಂದ ಸೀಟು ಲಾಗ ಹೊಡೆಯದಂತೆ ಸಣ್ಣ ಡ್ರೋಗ್ ಪ್ಯಾರಾಚೂಟು ಅದನ್ನು ಹಿಡಿದು ನಿಧಾನಿಸುತ್ತದೆ. ದೊಡ್ಡ ಪ್ಯಾರಾಚೂಟನ್ನು ಸೀಟು ಕೂಡಲೇ ಬಿಚ್ಚುವುದಿಲ್ಲ, ಏಕೆಂದರೆ ಆ ವೇಗದಲ್ಲಿ ಬಿಚ್ಚಿದರೆ ಬಟ್ಟೆ ಚಿಂದಿಯಾಗುತ್ತದೆ. ಬಹಳ ಎತ್ತರದಲ್ಲಿದ್ದರೆ ಪೈಲಟ್ ಸೀಟಿನಲ್ಲಿಯೇ ಕುಳಿತು, ಸೀಟಿನ ಆಮ್ಲಜನಕವನ್ನು ಉಸಿರಾಡುತ್ತ, ಉಸಿರಾಡಬಲ್ಲ ಗಾಳಿಯಿರುವ ಎತ್ತರಕ್ಕೆ ಬೀಳುವವರೆಗೂ ಕಾಯಬೇಕು. ನಮ್ಮ ಸುಖೋಯ್-30 ಮತ್ತು ಮಿಗ್-29ಗಳಲ್ಲಿರುವ ರಷ್ಯಾದ ಕೆ-36 ಸೀಟಿನ ಹಿಂದಿನಿಂದ ಎರಡು ಉದ್ದನೆಯ ಕೊಳವೆಗಳು ಚಾಚಿಕೊಂಡು, ಅವುಗಳ ತುದಿಯ ಪುಟ್ಟ ಪ್ಯಾರಾಚೂಟುಗಳು ಸೀಟನ್ನು ನೆಟ್ಟಗೆ ಹಿಡಿಯುತ್ತವೆ. ಹೆಚ್ಚಿನ ವೇಗದಲ್ಲಿ ಎದೆಯ ಮುಂದೆ ಗಾಳಿತಡೆಯೊಂದು ಎದ್ದುನಿಲ್ಲುತ್ತದೆ. ಹಾಗಾಗಿ ಅದರ ಮಿತಿ ಗಂಟೆಗೆ 1300 ಕಿ.ಮೀ. ಮಟ್ಟಕ್ಕೆ ಹೋಗುತ್ತದೆ. ತೇಜಸ್‌ನಲ್ಲಿರುವುದು ಬ್ರಿಟನ್ನಿನ ಮಾರ್ಟಿನ್-ಬೇಕರ್ ಸೀಟು; ಪಾಶ್ಚಾತ್ಯ ಸೀಟುಗಳ ಮಿತಿ ಸಾಮಾನ್ಯವಾಗಿ 600 ನಾಟ್, ಅಂದರೆ ಸುಮಾರು 1100 ಕಿ.ಮೀ. 2025ರ ಡಿಸೆಂಬರ್‌ನಲ್ಲಿ ಡಿಆರ್‌ಡಿಒ ಚಂಡೀಗಢದ ತನ್ನ ರಾಕೆಟ್ ಸ್ಲೆಡ್ (ರಾಕೆಟ್ ದೂಡುವ ಬಂಡಿ) ಹಳಿಯ ಮೇಲೆ ತೇಜಸ್‌ನ ಮುಂಭಾಗವನ್ನು 800 ಕಿ.ಮೀ. ವೇಗಕ್ಕೆ ದೂಡಿ, ಗೊಂಬೆಯನ್ನು ಇಜೆಕ್ಟ್ ಮಾಡಿ ಈ ಇಡೀ ಸರಣಿಯನ್ನು ಪರೀಕ್ಷಿಸಿತು. ತೇಜಸ್ ವಿನ್ಯಾಸಗೊಳಿಸಿದ ಬೆಂಗಳೂರಿನ ಎಡಿಎ ಮತ್ತು ಅದನ್ನು ತಯಾರಿಸುವ ಎಚ್‌ಎಎಲ್ ಅದರಲ್ಲಿ ಜೊತೆಗೂಡಿದ್ದವು.

ಪೈಲಟ್‌ನ ಪಾಲಿನ ಕೆಲಸವೂ ಇದೆ. ವಿಮಾನ ಇನ್ನೂ ಮಾತು ಕೇಳುತ್ತಿದ್ದರೆ ಮೂತಿಯನ್ನು ಮೇಲಕ್ಕೆತ್ತಿ ವೇಗವನ್ನು ಎತ್ತರವಾಗಿ ಮಾರ್ಪಡಿಸಿ, ಬಳಿಕ ಹಿಡಿಕೆಯನ್ನು ಎಳೆಯುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಅದಕ್ಕೇ ಅತಿವೇಗದ ಇಜೆಕ್ಷನ್‌ಗಳು ವಿರಳ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಮಗ ಯೋಚಿಸಬೇಕಾದ ಹೆಚ್ಚಿನ ಅಪಾಯ ಎದುರಿನ ತುದಿಯಲ್ಲಿದೆ: ಎತ್ತರ ಕಡಿಮೆ, ಸಮಯ ಇನ್ನೂ ಕಡಿಮೆ. 2019ರ ಫೆಬ್ರವರಿ 19ರಂದು ನಿಮ್ಮ ಯಲಹಂಕದ ಆಕಾಶದಲ್ಲೇ ತಾಲೀಮಿನ ವೇಳೆ ಸೂರ್ಯಕಿರಣ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿ ಹೊಡೆದಾಗ ಮೂವರು ಪೈಲಟ್‌ಗಳಲ್ಲಿ ಇಬ್ಬರು ಇಜೆಕ್ಟ್ ಆಗಿ ಉಳಿದರು, ಒಬ್ಬರನ್ನು ಕಳೆದುಕೊಂಡೆವು. ಅಲ್ಲಿ ಶಬ್ದಾತೀತ ವೇಗದ ಮಾತೇ ಇರಲಿಲ್ಲ. ಇಂದಿನ ಸೀಟುಗಳು ರನ್‌ವೇ ಮೇಲೆ ನಿಂತ ವಿಮಾನದಿಂದಲೂ ಪೈಲಟ್‌ನನ್ನು ಕಾಪಾಡಬಲ್ಲವು. ಆದರೆ ವಿಮಾನ ಬೋರಲಾಗಿದ್ದರೆ ಅಥವಾ ರಭಸವಾಗಿ ಕೆಳಗಿಳಿಯುತ್ತಿದ್ದರೆ ಅರ್ಧ ಸೆಕೆಂಡಿನ ಹಿಂಜರಿಕೆಯೂ ದುಬಾರಿ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ವೇಗ ಎಷ್ಟೇ ಇರಲಿ, ಸೀಟು ಮೇಲಕ್ಕೆ ಚಿಮ್ಮುವಾಗ ಬೆನ್ನುಮೂಳೆ ಕ್ಷಣಮಾತ್ರ ಹನ್ನೆರಡರಿಂದ ಇಪ್ಪತ್ತು ಜಿವರೆಗಿನ ಬಲವನ್ನು ಹೊರುತ್ತದೆ. ತಲೆಯನ್ನು ಸೀಟಿಗೆ ಒರಗಿಸಿ ನೆಟ್ಟಗೆ ಕುಳಿತಿರದಿದ್ದರೆ, ಕೆಲವೊಮ್ಮೆ ಕುಳಿತಿದ್ದರೂ, ಎದೆ ಮತ್ತು ಸೊಂಟದ ಭಾಗಗಳು ಕೂಡುವಲ್ಲಿನ ಕಶೇರುಕಗಳು ಜಜ್ಜಿಹೋಗಬಹುದು. ಆದ್ದರಿಂದ ಹೊರಗೆ ಗಾಯ ಕಾಣದಿದ್ದರೂ ಬೆನ್ನುಮೂಳೆಯ ಸ್ಕ್ಯಾನ್ ಮಾಡಿಸಿಯೇ ತೀರುತ್ತಾರೆ. ಮತ್ತೆ ಹಾರಬಹುದೇ ಎಂಬುದು ಆ ಮೂಳೆಯ ಸ್ಥಿತಿಯನ್ನು ಅವಲಂಬಿಸಿರುತ್ತದೆ. 1999ರಲ್ಲಿ ಕಾರ್ಗಿಲ್ ಸಂಘರ್ಷದ ವೇಳೆ ಮಿಗ್-27ರಿಂದ ಇಜೆಕ್ಟ್ ಆದ ನಚಿಕೇತ ಅವರು ಬೆನ್ನಿನ ಗಾಯದಿಂದಾಗಿ ಮುಂದೆ ಸಾಗಣೆ ವಿಮಾನಗಳ ವಿಭಾಗಕ್ಕೆ ಹೋದರು. 2019ರ ಫೆಬ್ರವರಿಯಲ್ಲಿ ಮಿಗ್-21ರಿಂದ ಹೊರಬಂದ ಅಭಿನಂದನ್ ವರ್ಧಮಾನ್ ಅವರಿಗೆ ಇಲ್ಲಿಯೇ, ಹಳೆಯ ವಿಮಾನ ನಿಲ್ದಾಣ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್‌ನಲ್ಲಿ ತಪಾಸಣೆ ನಡೆದು, ಆಗಸ್ಟ್‌ನಲ್ಲಿ ಹಾರಾಟಕ್ಕೆ ಅನುಮತಿ ದೊರೆಯಿತು. ಸೆಪ್ಟೆಂಬರ್ 2ರಂದು ಪಠಾಣ್‌ಕೋಟ್‌ನಲ್ಲಿ ಅವರು ಅಂದಿನ ವಾಯುಪಡೆ ಮುಖ್ಯಸ್ಥ ಬಿ.ಎಸ್. ಧನೋವಾ ಅವರೊಂದಿಗೆ ಎರಡು ಸೀಟಿನ ಮಿಗ್-21 ಹಾರಿಸಿದರು. ಧನೋವಾ ಅವರೂ 1988ರಲ್ಲಿ ಇಜೆಕ್ಟ್ ಆದವರು; ಮತ್ತೆ ಕಾಕ್‌ಪಿಟ್ ಏರಲು ಅವರಿಗೆ ಒಂಬತ್ತು ತಿಂಗಳು ಹಿಡಿದಿತ್ತು.